ಆಯುಷ್ಮಾನ್ ಕಾರ್ಡಿನಲ್ಲಿ ಫಿಸಿಯೋಥೆರಪಿ ಸಿಗುವುದೇ?

ಪ್ರಶ್ನೆ: ಬಚ್ಚಲಿನಲ್ಲಿ ಜಾರಿಬಿದ್ದ ತಾಯಿಯವರ ಸೊಂಟದ ಮೂಳೆಗೆ ಆಯುಷ್ಮಾನ್ ಕಾರ್ಡಿನಡಿ ಶಸ್ತ್ರಚಿಕಿತ್ಸೆಯಾಗಿದೆ. ಫಿಸಿಯೋಥೆರಪಿಗೆ ನಮ್ಮ ಬಡಾವಣೆಯ ಯಾವ ಕ್ಲಿನಿಕ್ಕೂ ಕಾರ್ಡನ್ನು ಒಪ್ಪುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಾಗುತ್ತದೆಯಾದರೂ, ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಸಂಬಂಧಿಸಿದ್ದು, ಆದ್ದರಿಂದ ಕ್ಲಿನಿಕ್ಕಿನವರನ್ನು ದೂರುವಂತಿಲ್ಲ. ಬಿಡುಗಡೆಯ ನಂತರದ 15 ದಿನಗಳ ಆರೈಕೆಯೂ ಯೋಜನೆಯಲ್ಲಿ ಸೇರಿರುವುದರಿಂದ, ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಈ ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಇಂದೇ ವಿಚಾರಿಸಿ.

ಆ ಅವಧಿ ಮುಗಿದಿದ್ದರೆ ಸರ್ಕಾರಿ ಆಸ್ಪತ್ರೆಯೇ ಒಳ್ಳೆಯ ದಾರಿ. ನಿಮ್ಮ ಜಯನಗರದಲ್ಲೇ ಇರುವ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ ಚಿಕಿತ್ಸೆಗೆಂದೇ ಇರುವುದು. ಅಲ್ಲಿನ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ, ಬಿಡುಗಡೆ ಪತ್ರವನ್ನೂ ಎಕ್ಸ್‌ರೇಯನ್ನೂ ತೋರಿಸಿ. ಆಪರೇಷನ್ ಆದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದನ್ನು ಶಸ್ತ್ರಚಿಕಿತ್ಸಕರಿಂದ ಬರೆಸಿಕೊಂಡು ಹೋಗುವುದು ಬಹಳ ಮುಖ್ಯ, ಏಕೆಂದರೆ ವಾಕರ್ ಹಿಡಿದು ಇಡುವ ಮೊದಲ ಹೆಜ್ಜೆಯೂ ಅದನ್ನೇ ಅವಲಂಬಿಸಿರುತ್ತದೆ. ನಿಮಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದು ತಾಯಿಯವರು ಅವಲಂಬಿತರಾಗಿ ನೋಂದಣಿಯಾಗಿದ್ದರೆ, ಹೊರರೋಗಿ ಚಿಕಿತ್ಸೆಗೂ ಅವಕಾಶವಿರುವುದರಿಂದ ನಿಮ್ಮ ಇಎಸ್‌ಐ ಡಿಸ್ಪೆನ್ಸರಿಯಿಂದ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಶಿಫಾರಸು ಪತ್ರ ಕೇಳಿ. ದಯವಿಟ್ಟು ತಡಮಾಡಬೇಡಿ, ಮಲಗಿದಷ್ಟೂ ಸ್ನಾಯುಗಳು ಸೊರಗುತ್ತವೆ.