ವಾಸನೆ ಇದೆ, ತುರಿಕೆ ಇಲ್ಲ: ಬಿಳಿಸ್ರಾವದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ರಾವ, ವಾಸನೆ, ತುರಿಕೆಯ ಕುರಿತೇ ಇವೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ. ಇದೆಲ್ಲ ಮುಟ್ಟಾಗುವ ವಯಸ್ಸಿನವರಿಗೆ ಹೇಳಿದ್ದು. ಮುಟ್ಟು ನಿಂತ ಮೇಲೆ ಕಾಣುವ ಒಣಗುವಿಕೆ, ಉರಿಗಳ ಲೆಕ್ಕವೇ ಬೇರೆ.

ಪ್ರಶ್ನೆ: ನನಗೆ 31 ವರ್ಷ. ಏಳೆಂಟು ತಿಂಗಳಿಂದ ತೆಳುವಾದ, ಬೂದುಬಿಳಿ ಸ್ರಾವ. ಗಂಡನೊಡನೆ ಕೂಡಿದ ಮೇಲೆ ಮೀನಿನಂಥ ವಾಸನೆ ಜೋರಾಗುತ್ತದೆ. ತುರಿಕೆ ಇಲ್ಲ, ಉರಿಯೂ ಇಲ್ಲ. ಫಂಗಸ್ ಇರಬೇಕೆಂದು ಮೂರು ಸಲ ಒಂದೊಂದು ಮಾತ್ರೆ ನುಂಗಿದೆ, ಪ್ರಯೋಜನವಾಗಲಿಲ್ಲ. ಈಗ ಮಾಡಿಸಿದ ಪರೀಕ್ಷೆಯಲ್ಲಿ 'ಪಿಎಚ್ 5.5, ಕ್ಲೂ ಸೆಲ್ ಇವೆ, ಪಸ್ ಸೆಲ್ 1–2' ಎಂದು ಬಂದಿದೆ. ಪಸ್ ಸೆಲ್ ಇಲ್ಲವೆಂದರೆ ಉರಿಯೂತ ಇಲ್ಲವೆಂದೇ ತಾನೆ? ಹಾಗಿದ್ದರೆ ಔಷಧ ಏಕೆ?

ಉತ್ತರ: ನಿಮ್ಮದು ಫಂಗಸ್ ಅಲ್ಲ, ಬ್ಯಾಕ್ಟೀರಿಯಲ್ ವಜೈನೋಸಿಸ್. ನೀವು ನುಂಗಿದ ಫ್ಲುಕೊನಜೋಲ್ ಶಿಲೀಂಧ್ರವನ್ನು ಮಾತ್ರ ಹತ್ತಿಕ್ಕುತ್ತದೆ, ಬ್ಯಾಕ್ಟೀರಿಯಾದ ಮೇಲೆ ಅದರ ಆಟ ನಡೆಯುವುದಿಲ್ಲ.

ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಲ್ಲಿ ಯೋನಿಯ ಒಳಪದರದ ಜೀವಕೋಶಗಳು ಗ್ಲೈಕೋಜನ್ ಕೂಡಿಟ್ಟುಕೊಳ್ಳುತ್ತವೆ. ಕೋಶಗಳು ಕಳಚಿದಾಗ ಅದು ಹೊರಬಂದು, ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ. ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಆ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಆಮ್ಲದ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 3.5ರಿಂದ 4.5ರೊಳಗೆ ನಿಲ್ಲುವುದು ಇದರಿಂದಲೇ. ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ 1892ರಲ್ಲೇ ಈ ಬ್ಯಾಕ್ಟೀರಿಯಾಗಳನ್ನು ವಿವರಿಸಿದ್ದರು. ಇವು ಕಡಿಮೆಯಾದಾಗ ಗಾರ್ಡ್ನೆರೆಲ್ಲಾ, ಪ್ರಿವೊಟೆಲ್ಲಾ ಮುಂತಾದವು ಹೆಚ್ಚುತ್ತವೆ, ಆಮ್ಲ ಇಳಿಯುತ್ತದೆ, ಪಿಎಚ್ ಏರುತ್ತದೆ. ಆ ಬ್ಯಾಕ್ಟೀರಿಯಾಗಳು ಅಮೈನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತವೆ. ವೀರ್ಯ ಕ್ಷಾರೀಯ, ಪಿಎಚ್ 7ಕ್ಕಿಂತ ಮೇಲೆ. ಅದು ಬೆರೆತ ಕೂಡಲೇ ಅಮೈನ್‌ಗಳು ಆವಿಯಾಗಿ ಏಳುತ್ತವೆ. ಕೂಡಿದ ಮೇಲೆ ವಾಸನೆ ಹೆಚ್ಚಾಗುವುದು ಇದಕ್ಕೇ. ಪ್ರಯೋಗಾಲಯದಲ್ಲಿ ಸ್ರಾವಕ್ಕೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಮೂಸಿ ನೋಡುವುದೂ ಇದೇ ತತ್ವದ ಮೇಲೆ.

ಕ್ಲೂ ಸೆಲ್ ಎಂದರೆ ಮೈತುಂಬ ಬ್ಯಾಕ್ಟೀರಿಯಾ ಹತ್ತಿದ ಒಳಪದರದ ಕೋಶ. ಸೂಕ್ಷ್ಮದರ್ಶಕದಲ್ಲಿ ಆರೋಗ್ಯವಂತ ಕೋಶದ ಅಂಚು ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಂಡರೆ, ಕ್ಲೂ ಸೆಲ್‌ನ ಅಂಚು ಒದ್ದೆ ಕೈಗೆ ಮರಳು ಮೆತ್ತಿದಂತೆ ಒರಟೊರಟು. ಕಾಣುವ ಕೋಶಗಳಲ್ಲಿ 20%ಕ್ಕಿಂತ ಹೆಚ್ಚು ಹೀಗಿದ್ದರೆ ಅದೊಂದು ಲಕ್ಷಣ. ತೆಳು ಏಕರೂಪದ ಸ್ರಾವ, 4.5 ಮೀರಿದ ಪಿಎಚ್, ಮೇಲೆ ಹೇಳಿದ ವಾಸನೆ ಪರೀಕ್ಷೆ ಉಳಿದ ಮೂರು. ಈ ನಾಲ್ಕರಲ್ಲಿ ಮೂರು ಸಿಕ್ಕರೆ ರೋಗ ಖಚಿತ. 1983ರಿಂದ ಬಳಕೆಯಲ್ಲಿರುವ ಆಮ್ಸೆಲ್ ಮಾನದಂಡ ಇದು.

ಇನ್ನು ಉರಿಯೂತದ ಮಾತು. ಪಸ್ ಸೆಲ್, ಎಂದರೆ ಕೀವಿನ ಬಿಳಿ ರಕ್ತಕಣ, ಇಲ್ಲದ್ದರಿಂದಲೇ ಇದಕ್ಕೆ 'ವಜೈನೈಟಿಸ್' (ಯೋನಿಯ ಉರಿಯೂತ) ಎನ್ನದೆ 'ವಜೈನೋಸಿಸ್' ಎಂದರು. ಕಣ್ಣಿಗೆ ಕಾಣುವ ಕೆಂಪಿಲ್ಲ, ಊತವಿಲ್ಲ. ಆದರೆ ಸ್ರಾವದಲ್ಲಿ ಉರಿಯೂತದ ಪ್ರೋಟೀನುಗಳನ್ನು ಅಳೆದರೆ ಐಎಲ್-1 ಬೀಟಾದಂಥವು ಏರಿರುತ್ತವೆ. ಬಿಳಿ ರಕ್ತಕಣಗಳನ್ನು ಕರೆಸುವ ಐಎಲ್-8 ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಹಾಗಾಗಿ ಪಸ್ ಸೆಲ್ ಬರುವುದಿಲ್ಲ. ಜೊತೆಗೆ ಈ ಬ್ಯಾಕ್ಟೀರಿಯಾಗಳು ಬಿಡುವ ಸಯಾಲಿಡೇಸ್ ಎಂಬ ಕಿಣ್ವ, ಒಳಪದರವನ್ನು ಮುಚ್ಚಿರುವ ಲೋಳೆಯನ್ನು ಕತ್ತರಿಸಿ ತೆಳುವಾಗಿಸುತ್ತದೆ. ತುರಿಕೆ ಇಲ್ಲದಿದ್ದರೂ ಒಳಗೆ ತಡೆಗೋಡೆ ಸವೆಯುತ್ತಿರುತ್ತದೆ. ಬ್ಯಾಕ್ಟೀರಿಯಲ್ ವಜೈನೋಸಿಸ್ ಇರುವವರಿಗೆ ಎಚ್‌ಐವಿ ಮತ್ತಿತರ ಲೈಂಗಿಕ ಸೋಂಕುಗಳು ಸುಲಭವಾಗಿ ತಗಲುವುದಕ್ಕೆ ಇದೂ ಒಂದು ಕಾರಣ.

ಚಿಕಿತ್ಸೆ: ಮೆಟ್ರೊನಿಡಜೋಲ್ 500 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ. ಅಥವಾ ಅದರದೇ 0.75% ಜೆಲ್, 5 ಗ್ರಾಂ, ದಿನಕ್ಕೊಮ್ಮೆ ಯೋನಿಯೊಳಗೆ, 5 ದಿನ. ಅಥವಾ 2% ಕ್ಲಿಂಡಾಮೈಸಿನ್ ಕ್ರೀಮ್, 5 ಗ್ರಾಂ, ಮಲಗುವ ಮುನ್ನ, 7 ರಾತ್ರಿ. ಯಾವುದು ನಿಮಗೆ ಸರಿ ಎಂದು ವೈದ್ಯರು ಹೇಳಲಿ. ಕ್ಲಿಂಡಾಮೈಸಿನ್ ಕ್ರೀಮಿನಲ್ಲಿ ಎಣ್ಣೆಯಂಶವಿದೆ, ಕ್ರೀಮ್ ನಿಲ್ಲಿಸಿದ ಮೇಲೂ 5 ದಿನ ಲೇಟೆಕ್ಸ್ ಕಾಂಡೋಮ್ ನಂಬುವಂತಿಲ್ಲ. ಎರಡನೇ ಮೂರನೇ ದಿನಕ್ಕೇ ವಾಸನೆ ಹೋಗಿಬಿಡುತ್ತದೆ, ಮಾತ್ರೆ ಬಿಡುವವರು ಬಿಡುವುದು ಆಗಲೇ. ಹಾಗೆ ಮಾಡಬೇಡಿ. ಗಾರ್ಡ್ನೆರೆಲ್ಲಾ ಒಳಪದರದ ಮೇಲೆ ಅಂಟಾದ ಪೊರೆ ಕಟ್ಟಿಕೊಂಡು ಕೂತಿರುತ್ತದೆ, ಅಲ್ಲಿಗೆ ಔಷಧ ಇಳಿಯುವುದು ಕಷ್ಟ.

ಪ್ರಶ್ನೆ: ಇದೇ ತೊಂದರೆಗೆ ಎರಡು ಸಲ ಪೂರ್ತಿ ಕೋರ್ಸ್ ಮುಗಿಸಿದೆ. ಎರಡು ತಿಂಗಳಿಗೆ ಮತ್ತೆ ಶುರು. ನನ್ನ ಯಜಮಾನರಿಗೂ ಔಷಧ ಕೊಡಬೇಕೇ? ಅವರಿಗೆ ಯಾವ ಲಕ್ಷಣವೂ ಇಲ್ಲ.

ಉತ್ತರ: ಒಂದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಮರುಕಳಿಸುತ್ತದೆ, ನಿಮ್ಮೊಬ್ಬರದೇ ಅಲ್ಲ. ಮೆಟ್ರೊನಿಡಜೋಲ್ ಕೆಟ್ಟ ಬ್ಯಾಕ್ಟೀರಿಯಾವನ್ನು ಇಳಿಸುತ್ತದೆಯೇ ಹೊರತು ಒಳ್ಳೆಯದನ್ನು ನೆಡುವುದಿಲ್ಲ. ಚಿಕಿತ್ಸೆಯ ನಂತರ ಬಹಳಷ್ಟು ಸಲ ತುಂಬಿಕೊಳ್ಳುವುದು ಲ್ಯಾಕ್ಟೊಬ್ಯಾಸಿಲಸ್ ಐನರ್ಸ್ ಎಂಬ, ಅಷ್ಟೇನೂ ಗಟ್ಟಿಯಲ್ಲದ ಜಾತಿ.

ಗಂಡಸರಿಗೆ ಔಷಧ ಕೊಟ್ಟು ಉಪಯೋಗವಿಲ್ಲ ಎಂದೇ ಬಹುಕಾಲ ಹೇಳುತ್ತಿದ್ದೆವು. ಹಳೆಯ ಪ್ರಯೋಗಗಳಲ್ಲಿ ಅವರಿಗೆ ಬರೀ ಮಾತ್ರೆ ಕೊಟ್ಟಿದ್ದರು. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಮಾತ್ರೆಯ ಜೊತೆಗೆ ಕ್ರೀಮ್ ಹಚ್ಚಿಸಿದರು: ಮೆಟ್ರೊನಿಡಜೋಲ್ 400 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಶಿಶ್ನದ ಚರ್ಮಕ್ಕೆ 2% ಕ್ಲಿಂಡಾಮೈಸಿನ್ ಕ್ರೀಮ್ ದಿನಕ್ಕೆ ಎರಡು ಸಲ, ಎರಡೂ 7 ದಿನ. ಹೆಂಗಸರಿಗೂ ಅದೇ ಸಮಯಕ್ಕೆ ಚಿಕಿತ್ಸೆ ನಡೆಯಿತು. 12 ವಾರಗಳಲ್ಲಿ ಮರುಕಳಿಸಿದ್ದು ಇಬ್ಬರಿಗೂ ಔಷಧ ಕೊಟ್ಟ ಜೋಡಿಗಳಲ್ಲಿ 35%, ಹೆಂಗಸಿಗೆ ಮಾತ್ರ ಕೊಟ್ಟಲ್ಲಿ 63%. ಮುಂದೊಗಲಿನ ಕೆಳಗೂ ಮೂತ್ರನಾಳದಲ್ಲೂ ಈ ಬ್ಯಾಕ್ಟೀರಿಯಾ ಇರುತ್ತದೆ, ಗಂಡಸಿಗೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ನಿಮ್ಮಂಥ ಸ್ಥಿತಿಯಲ್ಲಿ ನಮ್ಮ ಸಲಹೆ: ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಿ, ಒಂದೇ ವಾರದಲ್ಲಿ ಔಷಧ ಮುಗಿಸಿ, ಆ ವಾರ ಕೂಡುವುದು ಬೇಡ. ಒಬ್ಬರದು ಈ ವಾರ, ಇನ್ನೊಬ್ಬರದು ಮುಂದಿನ ತಿಂಗಳು ಎಂದಾದರೆ ಮಾಡಿದ್ದು ವ್ಯರ್ಥ.

ಆಮೇಲೂ ಮರುಕಳಿಸಿದರೆ ಮೆಟ್ರೊನಿಡಜೋಲ್ ಜೆಲ್ಲನ್ನು ವಾರಕ್ಕೆರಡು ಸಲದಂತೆ ನಾಲ್ಕರಿಂದ ಆರು ತಿಂಗಳು ಮುಂದುವರಿಸುವ ಪದ್ಧತಿ ಇದೆ. ನಿಲ್ಲಿಸಿದ ಮೇಲೆ ಕೆಲವರಿಗೆ ಮತ್ತೆ ಬರುತ್ತದೆ. ನಡುವೆ ಫಂಗಸ್ ತಲೆ ಎತ್ತುವುದೂ ಉಂಟು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಪ್ರಶ್ನೆ: ಮನೆಯಲ್ಲೇ ಪಿಎಚ್ ಪಟ್ಟಿಯಿಂದ ನೋಡಿಕೊಳ್ಳಬಹುದೇ?

ಉತ್ತರ: ನೋಡಬಹುದು. ಆದರೆ ನಮಗೆ ಬರುವ ತಪ್ಪು ಓದುಗಳಲ್ಲಿ ಬಹುಪಾಲು ಪಟ್ಟಿಯ ದೋಷವಲ್ಲ, ನೋಡಿದ ಹೊತ್ತಿನ ದೋಷ. ಮುಟ್ಟಿನ ದಿನಗಳಲ್ಲಿ ಬೇಡ, ರಕ್ತದ ಪಿಎಚ್ ಸುಮಾರು 7.4. ಕೂಡಿದ ಮೇಲೆ, ಜಾರುಜೆಲ್ ಅಥವಾ ಯೋನಿಯೊಳಗಿನ ಔಷಧ ಬಳಸಿದ ಮೇಲೆ ಎರಡು ದಿನ ಬಿಡಿ.

1ರಿಂದ 14ರವರೆಗಿನ ಪಟ್ಟಿ ಕೆಲಸಕ್ಕೆ ಬಾರದು. 4ರಿಂದ 7ರೊಳಗಿನ, ಒಂದು ಅಂಕಿಗೂ ಮುಂದಿನದಕ್ಕೂ ಅರ್ಧಕ್ಕಿಂತ (0.5) ಹೆಚ್ಚು ಅಂತರವಿಲ್ಲದ ಪಟ್ಟಿ ಬೇಕು. ಕೈ ತೊಳೆದು ಪೂರ್ತಿ ಒರೆಸಿ. ಶುದ್ಧವಾದ ಹತ್ತಿಕಡ್ಡಿಯನ್ನು ಒಳಗೆ ಬಿಟ್ಟು, ಪಕ್ಕದ ಗೋಡೆಗೆ ಕೆಲವು ಸೆಕೆಂಡು ತಾಗಿಸಿ. ತೀರಾ ಆಳಕ್ಕೆ ಹೋಗಬೇಡಿ, ಗರ್ಭಕಂಠದ ಲೋಳೆ ತಾನೇ ಕ್ಷಾರೀಯ, ಅದು ತಾಗಿದರೆ ಅಂಕಿ ಸುಳ್ಳೇ ಏರುತ್ತದೆ. ಕಡ್ಡಿಯ ತೇವವನ್ನು ಪಟ್ಟಿಗೆ ಒತ್ತಿ, ಒಣಗುವ ಮೊದಲೇ ಬಣ್ಣ ಹೋಲಿಸಿ. ಕಡ್ಡಿಗೆ ನೀರು ತಾಗಿಸಬೇಡಿ.

4.5ಕ್ಕಿಂತ ಮೇಲಿದ್ದು ವಾಸನೆಯೂ ಇದ್ದರೆ ಫಂಗಸ್ ಔಷಧ ಕೊಳ್ಳಬೇಡಿ. ಅದು ಬ್ಯಾಕ್ಟೀರಿಯಲ್ ವಜೈನೋಸಿಸ್ಸೋ ಟ್ರೈಕೊಮೊನಾಸ್ ಪರಾವಲಂಬಿಯೋ ಎಂದು ಪಟ್ಟಿ ಹೇಳಲಾರದು, ವೈದ್ಯರಿಂದಲೇ ಪರೀಕ್ಷೆಯಾಗಬೇಕು. 4.5ರೊಳಗಿದ್ದು ತುರಿಕೆ ಇದ್ದರೆ ಫಂಗಸ್ ಇರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಮುಟ್ಟಿಗೆ ಒಂದು ವಾರ ಮುಂಚೆ ಪ್ರತಿ ಸಲ ತುರಿಕೆ, ಉರಿ, ಉಂಡೆಯುಂಡೆಯಾದ ಬಿಳಿಸ್ರಾವ. ಪಿಎಚ್ 4.2. ವರ್ಷಕ್ಕೆ ನಾಲ್ಕೈದು ಸಲ ಹೀಗೆ.

ಉತ್ತರ: ಕ್ಯಾಂಡಿಡಾ ಇರಬಹುದು. ಈ ಶಿಲೀಂಧ್ರಕ್ಕೆ ಆಮ್ಲದ ಹೆದರಿಕೆ ಇಲ್ಲ, ಲ್ಯಾಕ್ಟೊಬ್ಯಾಸಿಲಸ್‌ಗಳ ಜೊತೆಗೇ ಬದುಕುತ್ತದೆ, ಅದಕ್ಕೇ ಪಿಎಚ್ ಏರುವುದಿಲ್ಲ. ಅದು ಎಳೆಗಳನ್ನು ಚಾಚಿ ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಬಿಟ್ಟಾಗ ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ. ಉರಿ, ಕೆಂಪು, ಊತ ತರುವುದು ಬಹುಮಟ್ಟಿಗೆ ಈ ಪ್ರತಿಕ್ರಿಯೆಯೇ. ಹಾಗಾಗಿ ಶಿಲೀಂಧ್ರ ಸತ್ತ ಮೇಲೂ ಎರಡು ಮೂರು ದಿನ ಉರಿ ಉಳಿಯಬಹುದು, ಅವಸರಪಟ್ಟು ಎರಡನೇ ಔಷಧ ಸೇರಿಸಬೇಡಿ.

ವರ್ಷಕ್ಕೆ ಮೂರು ಮೀರಿದರೆ ಮರುಕಳಿಸುವ ಸೋಂಕು ಎನ್ನುತ್ತೇವೆ. ಮೊದಲು ಕಲ್ಚರ್ (ಸ್ರಾವದಲ್ಲಿನ ಸೂಕ್ಷ್ಮಜೀವಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿಸಿ. ಕ್ಯಾಂಡಿಡಾ ಅಲ್ಬಿಕಾನ್ಸ್ ಆದರೆ ಸಾಮಾನ್ಯವಾಗಿ ಫ್ಲುಕೊನಜೋಲ್ 150 ಮಿಲಿಗ್ರಾಂ, 72 ಗಂಟೆಗೊಂದರಂತೆ ಮೂರು ಮಾತ್ರೆ, ಆಮೇಲೆ ವಾರಕ್ಕೊಂದರಂತೆ 6 ತಿಂಗಳು. ಗ್ಲಾಬ್ರಾಟಾ ಜಾತಿಯಾದರೆ ಇದು ಹಿಡಿಯುವುದಿಲ್ಲ. ರಕ್ತದ ಸಕ್ಕರೆಯನ್ನೂ ನೋಡಿಸಿ. ಮಧುಮೇಹಕ್ಕೆ ಡಪಾಗ್ಲಿಫ್ಲೋಜಿನ್‌ನಂಥ, ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ, ಎಷ್ಟೋ ಸಲ ಕಾರಣ ಅಲ್ಲೇ ಇರುತ್ತದೆ.

ಪ್ರಶ್ನೆ: ಹಳದಿ ಸ್ರಾವ, ವಿಪರೀತ ಉರಿ, ಕೂಡುವಾಗ ನೋವು. ಮೆಟ್ರೊನಿಡಜೋಲ್ ಆಯಿತು, ಫಂಗಸ್ ಮಾತ್ರೆಯೂ ಆಯಿತು. ವರದಿಯಲ್ಲಿ 'ಪಸ್ ಸೆಲ್ ಹೇರಳ, ಲ್ಯಾಕ್ಟೊಬ್ಯಾಸಿಲಸ್ ಇಲ್ಲ, ಪ್ಯಾರಾಬೇಸಲ್ ಕೋಶಗಳಿವೆ' ಎಂದಿದೆ.

ಉತ್ತರ: ಮೊದಲ ಪತ್ರಕ್ಕೆ ಇದು ತದ್ವಿರುದ್ಧ: ಇಲ್ಲಿ ಉರಿಯೂತ ಕಣ್ಣಿಗೇ ಕಾಣುತ್ತದೆ. ಪ್ಯಾರಾಬೇಸಲ್ ಎಂದರೆ ಒಳಪದರದ ತಳಭಾಗದ, ಇನ್ನೂ ಬೆಳೆಯದ ಕೋಶ. ಅದು ಸ್ರಾವದಲ್ಲಿ ಸಿಗುತ್ತಿದೆಯೆಂದರೆ ಮೇಲ್ಪದರ ಕಳಚಿಹೋಗಿದೆ. ಏರೋಬಿಕ್ ವಜೈನೈಟಿಸ್ ಎಂಬ ಸ್ಥಿತಿಯ ಚಿತ್ರ ಇದು. ಇ. ಕೊಲಿ, ಬಿ ಗುಂಪಿನ ಸ್ಟ್ರೆಪ್ಟೊಕಾಕಸ್‌ನಂಥ ಆಮ್ಲಜನಕದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಇಲ್ಲಿರುತ್ತವೆ. ಮೆಟ್ರೊನಿಡಜೋಲ್ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಮತ್ತು ಟ್ರೈಕೊಮೊನಾಸ್‌ಗೆ ನಾಟುತ್ತದೆ, ಇವುಗಳಿಗಲ್ಲ.

ಹಾಗೆಂದು ಕಲ್ಚರಿನಲ್ಲಿ ಇ. ಕೊಲಿ ಬೆಳೆದ ಮಾತ್ರಕ್ಕೆ ಆಂಟಿಬಯೋಟಿಕ್ ಕೊಡುವುದು ತಪ್ಪು. ಯಾವ ತೊಂದರೆಯೂ ಇಲ್ಲದವರಲ್ಲೂ ಅದು ಬೆಳೆಯುತ್ತದೆ. ಪಸ್ ಸೆಲ್, ಪ್ಯಾರಾಬೇಸಲ್ ಕೋಶ, ಲಕ್ಷಣ ಮೂರೂ ಜೊತೆಗಿದ್ದಾಗಲೇ ಅದಕ್ಕೆ ಅರ್ಥ. ಯೋನಿಯೊಳಗೆ ಹಾಕುವ ಕ್ಲಿಂಡಾಮೈಸಿನ್, ಉರಿಯೂತ ಬಹಳವಿದ್ದರೆ ಸ್ಟೀರಾಯ್ಡ್ ಕ್ರೀಮ್, ಪದರ ತೆಳುವಾಗಿದ್ದರೆ ಈಸ್ಟ್ರೋಜನ್ ಕ್ರೀಮ್, ಹೀಗೆ ವೈದ್ಯರು ಅಳೆದು ಸೇರಿಸುತ್ತಾರೆ. ಅದಕ್ಕೂ ಮೊದಲು ಟ್ರೈಕೊಮೊನಾಸ್, ಕ್ಲಮೈಡಿಯಾ, ಗೊನೊರಿಯಾ ಎಂಬ ಲೈಂಗಿಕ ಸೋಂಕುಗಳ ನ್ಯಾಟ್ ಪರೀಕ್ಷೆ (ರೋಗಾಣುವಿನ ವಂಶವಾಹಿಯನ್ನು ಹುಡುಕುವುದು) ಆಗಲೇಬೇಕು. ಹೇರಳ ಪಸ್ ಸೆಲ್ ಗರ್ಭಕಂಠದಿಂದಲೂ ಇಳಿದು ಬಂದಿರಬಹುದು.

ಪ್ರಶ್ನೆ: ಯಾವ ತೊಂದರೆಯೂ ಇಲ್ಲ. ಕುತೂಹಲಕ್ಕೆ ಡಿಎನ್‌ಎ ಪರೀಕ್ಷೆ ಮಾಡಿಸಿದೆ: 'ಲ್ಯಾಕ್ಟೊಬ್ಯಾಸಿಲಸ್ ಐನರ್ಸ್ 92%'. ಭಯವಾಗಿದೆ.

ಉತ್ತರ: ಭಯ ಬೇಡ, ಔಷಧವೂ ಬೇಡ. 2011ರಿಂದ ಈ ಸೂಕ್ಷ್ಮಜೀವಿ ಸಮುದಾಯಗಳನ್ನು ಐದು ಬಗೆಯಾಗಿ ವಿಂಗಡಿಸುತ್ತಾರೆ: ಕ್ರಿಸ್ಪಾಟಸ್, ಗ್ಯಾಸೆರಿ, ಐನರ್ಸ್, ಜೆನ್ಸೆನಿ ಎಂಬ ಲ್ಯಾಕ್ಟೊಬ್ಯಾಸಿಲಸ್ ಜಾತಿಗಳಲ್ಲಿ ಒಂದೊಂದು ಮೇಲುಗೈ ಆಗಿರುವ ನಾಲ್ಕು, ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಿರುವ ಒಂದು. ಐದನ್ನೂ ಆರೋಗ್ಯವಂತರಲ್ಲೇ ಕಂಡಿದ್ದಾರೆ. ಕ್ರಿಸ್ಪಾಟಸ್ ಲ್ಯಾಕ್ಟಿಕ್ ಆಮ್ಲದ ಡಿ ಮತ್ತು ಎಲ್ ರೂಪಗಳೆರಡನ್ನೂ ಮಾಡುತ್ತದೆ. ಐನರ್ಸ್ ಎಲ್ ರೂಪವನ್ನು ಮಾತ್ರ. ಅದಕ್ಕೇ ಐನರ್ಸ್ ಇರುವಲ್ಲಿ ಸಮತೋಲ ಬೇಗ ತಪ್ಪಬಹುದು, ಅಷ್ಟೇ. ಮುಟ್ಟಿನ ಆಚೀಚೆ ಈ ಪ್ರಮಾಣಗಳು ಕೆಲವೇ ದಿನಗಳಲ್ಲಿ ಬದಲಾಗುತ್ತವೆ. ಒಂದು ದಿನದ ವರದಿ ಹಿಡಿದು ಚಿಕಿತ್ಸೆ ಮಾಡುವಂತಿಲ್ಲ.

ಪ್ರಶ್ನೆ: ಒಳಗೆ ತೊಳೆಯುವ ದ್ರಾವಣ, ಪ್ರೊಬಯೋಟಿಕ್ ಕ್ಯಾಪ್ಸೂಲ್ ಇವು ಉಪಯೋಗವೇ?

ಉತ್ತರ: ಒಳಗೆ ಏನನ್ನೂ ಹಾಕಿ ತೊಳೆಯಬೇಡಿ, ನೀರನ್ನೂ ಸಹ. ಹೊರಭಾಗಕ್ಕೆ ನೀರು ಸಾಕು. ಸೋಪು ಬಳಸಲೇಬೇಕೆಂದರೆ ಸುವಾಸನೆ ಇಲ್ಲದ್ದು, ಹೊರಗೆ ಮಾತ್ರ. ಜಾರುಜೆಲ್ ಕೊಳ್ಳುವಾಗ ಪೊಟ್ಟಣದ ಮೇಲೆ ಆಸ್ಮೊಲಾಲಿಟಿ (ಜೆಲ್‌ನಲ್ಲಿ ಕರಗಿದ ವಸ್ತುಗಳ ಸಾಂದ್ರತೆ) ನೋಡಿ: ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗರಿಷ್ಠ ಮಿತಿ ಕಿಲೋಗ್ರಾಂಗೆ 1200 ಮಿಲಿಆಸ್ಮೋಲ್ (mOsm/kg). ಅದಕ್ಕಿಂತ ಹೆಚ್ಚಿದ್ದರೆ ಜೆಲ್ ಕೋಶಗಳಿಂದ ನೀರು ಎಳೆದು ಪದರ ಸುಲಿಯುತ್ತದೆ.

ಪ್ರೊಬಯೋಟಿಕ್ ಎಂದರೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಔಷಧ. ಮಾರಾಟದಲ್ಲಿರುವ ಕ್ಯಾಪ್ಸೂಲುಗಳಲ್ಲಿ ಇರುವುದು ಬಹಳಷ್ಟು ಕರುಳಿಗೆ ಹೊಂದುವ ಜಾತಿಗಳು. ಭರವಸೆ ಮೂಡಿಸಿದ್ದು 2020ರಲ್ಲಿ ಪ್ರಕಟವಾದ ಪ್ರಯೋಗ. ಅಲ್ಲಿ ಮೆಟ್ರೊನಿಡಜೋಲ್ ಜೆಲ್ ಮುಗಿದ ಮೇಲೆ ಕ್ರಿಸ್ಪಾಟಸ್ ಪುಡಿಯನ್ನು ನೇರವಾಗಿ ಯೋನಿಯೊಳಗೆ ಹಾಕಿದರು. 12 ವಾರಗಳಲ್ಲಿ ಮರುಕಳಿಕೆ 30%, ಪುಡಿ ಇಲ್ಲದವರಲ್ಲಿ 45%. ನುಂಗುವ ಕ್ಯಾಪ್ಸೂಲಿಗೆ ಈ ಫಲಿತಾಂಶವನ್ನು ಹಚ್ಚಲಾಗದು.

ಪ್ರಶ್ನೆ: ಮೂರನೇ ತಿಂಗಳು ನಡೆಯುತ್ತಿದೆ. ವಾಸನೆಯ ಸ್ರಾವಕ್ಕೆ ಮನೆಯಲ್ಲಿದ್ದ ಬೋರಿಕ್ ಆಮ್ಲದ ಕ್ಯಾಪ್ಸೂಲ್ ಹಾಕಿಕೊಳ್ಳಬಹುದೇ?

ಉತ್ತರ: ಬೇಡವೇ ಬೇಡ. ಗರ್ಭಿಣಿಯರು ಬೋರಿಕ್ ಆಮ್ಲ ಬಳಸಬಾರದು. ಅದನ್ನು ನುಂಗಿದರೆ ಯಾರಿಗಾದರೂ ವಿಷ, ಮಕ್ಕಳ ಕೈಗೆ ಸಿಗದಂತೆ ತೆಗೆದಿಡಿ. ಉಳಿದಿರುವ ಫ್ಲುಕೊನಜೋಲ್ ಇದ್ದರೆ ಅದನ್ನೂ ನುಂಗಬೇಡಿ. ಗರ್ಭಿಣಿಯರ ಫಂಗಸ್ಸಿಗೆ ಯೋನಿಯೊಳಗೆ ಹಾಕುವ ಕ್ಲೊಟ್ರಿಮಜೋಲ್‌ನಂಥದ್ದನ್ನು 7 ದಿನ ಕೊಡುತ್ತೇವೆ. ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂದು ಬಂದು ಲಕ್ಷಣಗಳೂ ಇದ್ದರೆ, ಗರ್ಭಿಣಿಗೂ ಮೆಟ್ರೊನಿಡಜೋಲ್ ಕೊಡಬಹುದು, ವೈದ್ಯರ ಚೀಟಿಯ ಮೇಲೆ. ಜ್ವರ, ಕೆಳಹೊಟ್ಟೆ ನೋವು, ರಕ್ತ ಕಾಣಿಸುವುದು, ನೀರು ಒಸರುವುದು ಇವುಗಳಲ್ಲಿ ಒಂದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.