ಎಂಆರ್‌ಐ ಆದ ಮೇಲೂ ಕಿವಿಯ ಶಸ್ತ್ರಚಿಕಿತ್ಸೆಗೆ ಮುನ್ನ ಸಿಟಿ ಸ್ಕ್ಯಾನ್ ಏಕೆ ಬೇಕು?

ಎಂಆರ್‌ಐ ಗೆಡ್ಡೆಯನ್ನು ತೋರಿಸುತ್ತದೆ. ಅದನ್ನು ತಲುಪಲು ಕೊರೆಯಬೇಕಾದ ಮೂಳೆಯನ್ನು ಸ್ಪಷ್ಟವಾಗಿ ತೋರಿಸುವುದು ಸಿಟಿ.

ಶ್ರವಣನರದ ಬಳಿ ಬೆಳೆದ ಗೆಡ್ಡೆಯನ್ನು ಒಳಕಿವಿಯ ಮೂಲಕ ತೆಗೆಯುವಾಗ ವೈದ್ಯರು ಕಿವಿಯ ಹಿಂದಿನ ಮೂಳೆಯನ್ನು ಸೂಕ್ಷ್ಮದರ್ಶಕದಡಿ ಡ್ರಿಲ್ಲಿನಿಂದ ಸವೆಸುತ್ತಾ ಒಳಗೆ ಸಾಗುತ್ತಾರೆ. ಆ ದಾರಿಯ ಮೇಲ್ಗಡೆ ಮೆದುಳಿನ ಹೊದಿಕೆ, ಹಿಂದೆ ಮೆದುಳಿನಿಂದ ರಕ್ತವನ್ನು ಕೆಳಗೊಯ್ಯುವ ದೊಡ್ಡ ನಾಳ, ಮುಂದೆ ಮುಖದ ನರ ಇರುತ್ತವೆ. ಇವುಗಳ ನಡುವಿನ ಅಂತರ ಮಿಲಿಮೀಟರುಗಳ ಲೆಕ್ಕದ್ದು, ಮತ್ತು ಅದು ಒಬ್ಬರಿಂದೊಬ್ಬರಿಗೆ ಬದಲಾಗುತ್ತದೆ.

ಸಿಟಿಯಲ್ಲಿ ಮೂಳೆ ಬೆಳ್ಳಗೆ, ಗಾಳಿ ಕಪ್ಪಗೆ ಕಾಣುವುದರಿಂದ, ಸುಮಾರು 0.5ರಿಂದ 0.6 ಮಿ.ಮೀ. ದಪ್ಪದ ಪದರಗಳಾಗಿ ತೆಗೆದ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾ ಹೋದರೆ ಮುಖದ ನರದ ಕಾಲುವೆ ಎಲ್ಲಿ ತಿರುಗುತ್ತದೆ ಎಂಬುದನ್ನು ಕಣ್ಣಾರೆ ಹಿಂಬಾಲಿಸಬಹುದು. ಅದಕ್ಕಿಂತ ಮುಖ್ಯವೆಂದು ನನಗನಿಸುವುದು ಜುಗುಲರ್ ಬಲ್ಬ್, ಅಂದರೆ ಕುತ್ತಿಗೆಗೆ ಇಳಿಯುವ ದೊಡ್ಡ ಸಿರೆಯು ಕಿವಿಯ ಕೆಳಗೆ ಉಬ್ಬಿಕೊಂಡಿರುವ ಭಾಗ. ಕೆಲವರಲ್ಲಿ ಅದು ಶ್ರವಣನರ ಹಾದುಬರುವ ಮೂಳೆಯ ನಾಳದ ಮಟ್ಟದವರೆಗೂ ಏರಿರುತ್ತದೆ. ಆಗ ಕೊರೆಯುವ ದಾರಿ ಕಿರಿದಾಗುವುದರಿಂದ ಬೇರೆ ಮಾರ್ಗವನ್ನೇ ಆರಿಸಬೇಕಾಗಬಹುದು. ರಕ್ತ ಚಿಮ್ಮಿದ ಮೇಲೆ ತಿಳಿಯಬೇಕಾದ ಸಂಗತಿ ಇದಲ್ಲ.

ಆದರೆ ಮುಖದ ನರವನ್ನು ಮುಚ್ಚಿರುವ ಮೂಳೆ ಕೆಲವೆಡೆ ಚಿತ್ರದ ಪದರಕ್ಕಿಂತಲೂ ತೆಳ್ಳಗಿರುತ್ತದೆ. ಅಲ್ಲಿ ಸಿಟಿಯನ್ನೇ ಪೂರ್ತಿ ನಂಬುವಂತಿಲ್ಲವಾದ್ದರಿಂದ, ಮುಖದ ಸ್ನಾಯುಗಳಿಗೆ ತಂತಿ ಜೋಡಿಸಿ ನರದ ಸ್ಪಂದನವನ್ನು ಶಸ್ತ್ರಚಿಕಿತ್ಸೆಯುದ್ದಕ್ಕೂ ಗಮನಿಸುತ್ತಿರುತ್ತಾರೆ.