ಕೈಬೆರಳಿಗೂ ಪಾಠ ಬರೆದ ನಟ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಆಮ್ಸ್ಟರ್‌ಡಾಮಿನ ಒಂದು ಹಳೆಯ ಪುಸ್ತಕದಂಗಡಿಯ ವರ್ಣಚಿತ್ರ ಹಾಕಿದ್ದಿರಿ. ಕೆಳಗೆ 'ಯೋಹಾನೆಸ್ ಯೆಲ್ಗರ್‌ಹೌಸ್, ರಂಗನಟ' ಎಂದಿತ್ತು. ನಟರೋ, ಚಿತ್ರಕಾರರೋ? ಅಭಿನಯದ ಬಗ್ಗೆ ದಪ್ಪ ಪುಸ್ತಕವನ್ನೂ ಬರೆದಿದ್ದಾರೆ ಎಂದು ಮಗಳು ಹುಡುಕಿ ಹೇಳಿದಳು. ಹೀಗೆ ಎಲ್ಲ ಕಡೆ ಕೈ ಹಾಕುವವರು ಯಾವುದರಲ್ಲೂ ಆಳಕ್ಕೆ ಇಳಿಯುವುದಿಲ್ಲ, ಅಲ್ವಾ? ಅಭಿನಯವನ್ನು ಪುಸ್ತಕ ಓದಿ ಕಲಿಯಲು ಆಗುತ್ತದೆಯೇ? ನಾನು ಯಕ್ಷಗಾನ ನೋಡುತ್ತ ಬೆಳೆದವನು. ನಮ್ಮಲ್ಲಿ ಗುರುಗಳ ಎದುರು ಕುಣಿದೇ ಕಲಿಯುವುದು."
ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು. ಚಿತ್ರದ ಕೆಳಗಿನ ಒಂದು ಸಾಲನ್ನು ಹಿಡಿದು ಇಷ್ಟು ದೂರ ಯೋಚಿಸುವ ಓದುಗರಿಗೆ ಎರಡು ಮಾತಿನಲ್ಲಿ ಉತ್ತರ ಕೊಟ್ಟರೆ ಸಾಲದು. ನಿಮ್ಮ ಮೊದಲ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಯೆಲ್ಗರ್‌ಹೌಸ್ ಹುಟ್ಟಿದ್ದು 1770ರಲ್ಲಿ, ನೆದರ್‌ಲ್ಯಾಂಡ್ಸಿನ ಉತ್ತರದ ಲೇವಾರ್ಡನ್ ಊರಿನಲ್ಲಿ. ತಂದೆ ರೀಂಕ್ ಜನರ ಮುಖಚಿತ್ರ ಬರೆದು ಬದುಕಿದವರು. ಬರೆದ ಒಂದೊಂದು ಚಿತ್ರಕ್ಕೂ ನಂಬರ್ ಹಾಕುತ್ತಿದ್ದರು. ಆ ಲೆಕ್ಕ 7,700 ದಾಟಿತ್ತು! ಅಷ್ಟು ಮುಖಗಳನ್ನು ನೋಡಿ ಬರೆದ ಮನುಷ್ಯನ ಹತ್ತಿರ ಮಗ ಮೊದಲು ಕುಂಚ ಹಿಡಿದ. ಹುಬ್ಬು ಸ್ವಲ್ಪ ಏರಿದರೆ ಮುಖ ಹೇಗೆ ಬದಲಾಗುತ್ತದೆ, ತುಟಿಯ ಕೊನೆ ಇಳಿದರೆ ಏನಾಗುತ್ತದೆ ಎನ್ನುವುದು ಆ ಮನೆಯಲ್ಲಿ ದಿನನಿತ್ಯದ ಕೆಲಸ. ಅಂಥ ಹುಡುಗ ಮುಂದೆ ನಟನಾದದ್ದು ನನಗಂತೂ ದಾರಿ ತಪ್ಪಿದ ಹಾಗೆ ಕಾಣುವುದಿಲ್ಲ.

19ನೇ ಶತಮಾನದ ಮೊದಲ ದಶಕದಲ್ಲಿ ಅವರು ಆಮ್ಸ್ಟರ್‌ಡಾಮ್ ನಗರದ ರಂಗಮಂದಿರ ಸೇರಿದರು. ಕಾಲುವೆಯ ಪಕ್ಕದಲ್ಲಿದ್ದ ಹಳೆಯ ರಂಗಮಂದಿರ 1772ರ ಮೇ ತಿಂಗಳಲ್ಲಿ ಆಟ ನಡೆಯುತ್ತಿರುವಾಗಲೇ ಬೆಂಕಿಗೆ ಸುಟ್ಟುಹೋಗಿತ್ತು. ಜನ ಸತ್ತಿದ್ದರು. ಎರಡು ವರ್ಷದ ಮೇಲೆ ಬೇರೆ ಜಾಗದಲ್ಲಿ ಮರದ ಕಟ್ಟಡ ಎದ್ದಿತು. ಯೆಲ್ಗರ್‌ಹೌಸ್ ನಟಿಸಿದ್ದು ಅಲ್ಲಿ. ವಿದ್ಯುತ್ ದೀಪ ಇರದ ಕಾಲ. ಆ ಮಂದ ಬೆಳಕಿನಲ್ಲಿ ಹಿಂದೆ ಕೂತವರಿಗೆ ನಟನ ಕಣ್ಣು ಸರಿಯಾಗಿ ಕಾಣದು. ಕಾಣುವುದು ನಿಂತ ಭಂಗಿ, ತೋಳಿನ ಗೆರೆ, ತಲೆಯ ತಿರುವು. ರಾತ್ರಿಯಿಡೀ ಬಯಲಾಟ ನೋಡಿದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪುಸ್ತಕದ ವಿಷಯ. ರಂಗಮಂದಿರದಲ್ಲಿ ಎಳೆಯ ಕಲಾವಿದರನ್ನು ತಯಾರು ಮಾಡುವ ವ್ಯವಸ್ಥೆ ಇತ್ತು. ಅವರಿಗೆ ಯೆಲ್ಗರ್‌ಹೌಸ್ ಪಾಠ ಮಾಡಿದರು. ಆ ಪಾಠಗಳೇ 1827ರಿಂದ ಅಚ್ಚಾದವು. ಹೆಸರು, ಅಂಗಚೇಷ್ಟೆ ಮತ್ತು ಮುಖಭಾವ ಕುರಿತ ಪಾಠಗಳು ಅಂತ. ಅಂದರೆ ಇದು ಕೋಣೆಯಲ್ಲಿ ಕೂತು ಸುಮ್ನೆ ಹೊಸೆದದ್ದಲ್ಲ. ಎದುರಿಗೆ ಹುಡುಗರು ನಿಂತಿದ್ದರು. ತಪ್ಪು ಮಾಡುತ್ತಿದ್ದರು. ಅದನ್ನು ತಿದ್ದುತ್ತ ಹೇಳಿದ ಮಾತುಗಳೇ ಪುಸ್ತಕವಾದವು. ಹೀಗಾಗಿ ಗುರುಗಳ ಎದುರು ಕಲಿಯುವುದಕ್ಕೂ ಈ ಪುಸ್ತಕಕ್ಕೂ ನೀವು ಅಂದುಕೊಂಡಷ್ಟು ದೂರ ಇಲ್ಲ.

ಅವರು ಶುರು ಮಾಡುವುದೇ ನಿಲ್ಲುವುದರಿಂದ. ಎರಡು ಪಾದವನ್ನೂ ಸಮ ಇಟ್ಟು ನಿಲ್ಲಬೇಡಿ. ಭಾರ ಒಂದು ಕಾಲಿನ ಮೇಲಿರಲಿ, ಇನ್ನೊಂದು ಹಗುರ ಇರಲಿ. ಮೈ ಒಂದು ಕಡೆ ತಿರುಗಿದ್ದರೆ ತಲೆ ಇನ್ನೊಂದು ಕಡೆ ಇರಲಿ. ಎರಡೂ ಕೈ ಒಂದೇ ಕೆಲಸ ಮಾಡಬಾರದು. ಕೈ ಎತ್ತುವಾಗ ತೋಳು ಮೊದಲು, ಆಮೇಲೆ ಮೊಣಕೈಯಿಂದ ಕೆಳಗೆ, ಆಮೇಲೆ ಅಂಗೈ, ಕೊನೆಗೆ ಬೆರಳು ಬಿಚ್ಚಿಕೊಳ್ಳಬೇಕು. ಬೆರಳುಗಳು ಕೂಡ ಒಂದೇ ಥರ ಚಾಚಿರಬಾರದು. ತೋರುಬೆರಳಿಗೆ ಒಂದು ರೀತಿ, ಕಿರುಬೆರಳಿಗೆ ಇನ್ನೊಂದು ರೀತಿ. ಹೇಗೆ ಕೂರಬೇಕು, ಹೇಗೆ ಮಂಡಿಯೂರಬೇಕು ಎಂಬುದಕ್ಕೂ ಪಾಠವಿದೆ.

ಇದೆಲ್ಲ ಬರೀ ಮಾತಿನಲ್ಲಿ ಹೇಳಿದ್ದರೆ ಯಾರಿಗೆ ಅರ್ಥವಾಗುತ್ತಿತ್ತು? ಪುಸ್ತಕದ ಚಿತ್ರಗಳನ್ನು ಅವರೇ ಬರೆದರು. ತಪ್ಪಾದ ಕೈ, ಸರಿಯಾದ ಕೈ, ಭಯಪಟ್ಟ ಮುಖ, ಸಿಟ್ಟಿನ ಮುಖ, ಹೀಗೆ ಹಾಳೆಯಿಂದ ಹಾಳೆಗೆ. ಬರೀ ನಟನಾಗಿದ್ದರೆ ಈ ಪುಸ್ತಕ ಬರೆಯಲು ಆಗುತ್ತಿರಲಿಲ್ಲ. ಬರೀ ಚಿತ್ರಕಾರನಾಗಿದ್ದರೆ ಬರೆಯಬೇಕು ಅಂತ ಅನಿಸುತ್ತಲೇ ಇರಲಿಲ್ಲ. ನಟನೆ, ಚಿತ್ರ, ಬರವಣಿಗೆ ಮೂರೂ ಮನುಷ್ಯನ ಮೈಯನ್ನು ನೋಡುವ ಒಂದೇ ಕಣ್ಣಿನಿಂದ ಬಂದವು. ಹತ್ತು ಕಡೆ ಕೈ ಹಾಕಿದರು ಎಂದು ನೀವು ಹೇಳುವಲ್ಲಿ ನನಗೆ ಕಾಣುವುದು ಒಂದೇ ಕೆಲಸ.

ನಿಯಮ ಜಾಸ್ತಿಯಾದರೆ ನಟ ಗೊಂಬೆಯಾಗುತ್ತಾನೆ ಎಂಬ ಭಯ ನಿಮಗಿರಬಹುದು. ಅದು ನ್ಯಾಯವಾದ ಭಯವೇ. ಆದರೆ ಒಂದು ಸಂಗತಿ ನೋಡಿ. ರಾಜ, ವೀರ ಇಂಥ ಪಾತ್ರಗಳಿಗೆ ಬೇಕಾದ ಚೆಲುವನ್ನು ಹಳ್ಳಿಗನ ಅಥವಾ ನಗೆಯ ಪಾತ್ರದಿಂದ ಅವರು ಕೇಳುವುದಿಲ್ಲ. ಅಲ್ಲಿ ಪಾದ ಒಳಕ್ಕೆ ತಿರುಗಿರಬಹುದು, ಕೈ ಮೊದ್ದಾಗಿರಬಹುದು. ನಿಯಮ ಗೊತ್ತಿದ್ದವನು ಅದನ್ನು ಬೇಕೆಂದೇ ಮುರಿದು ಪಾತ್ರ ಕಟ್ಟುತ್ತಾನೆ. ಹಳ್ಳಿಗರನ್ನು ಹಾಗೆ ತೋರಿಸುವುದರಲ್ಲಿ ಆ ಕಾಲದ ಮೇಲು-ಕೀಳಿನ ಭಾವನೆಯೂ ಇದೆ. ಅದು ನನಗೆ ಹಿಡಿಸುವುದಿಲ್ಲ.

ನಟನ ಕೆಲಸ ಆಟ ಮುಗಿದ ಕೂಡಲೇ ಮುಗಿದುಹೋಗುತ್ತದೆ. 1811ರಲ್ಲಿ ನೆಪೋಲಿಯನ್ ಆಮ್ಸ್ಟರ್‌ಡಾಮಿಗೆ ಬಂದಾಗ ಫ್ರಾನ್ಸಿನ ದೊಡ್ಡ ನಟ ತಾಲ್ಮಾ ಅಲ್ಲಿ ಅಭಿನಯಿಸಿದರು. ಅದೇ ಕಾಲದಲ್ಲಿ ಆ ಊರಿನ ರಂಗವನ್ನು ಬೆಳಗಿದ ನಟಿ ಯೊಹಾನ್ನಾ ವಾಟಿಯೆರ್. ಅವರ ದನಿ, ನಡಿಗೆ ಇವತ್ತು ನಮಗೆ ಸಿಗುವುದೇ ಇಲ್ಲ. ಆ ರಂಗ ಹೇಗಿತ್ತು ಎಂದು ತಿಳಿಯಬೇಕಾದವರು ಇವತ್ತಿಗೂ ಯೆಲ್ಗರ್‌ಹೌಸ್ ಬರೆದ ಪುಟಗಳನ್ನೇ ತೆರೆಯುತ್ತಾರೆ. ಡೀನ್ ಬಾರ್ನೆಟ್ ಎಂಬ ವಿದ್ವಾಂಸರು 18ನೇ ಶತಮಾನದ ಅಭಿನಯದ ಬಗ್ಗೆ 1987ರಲ್ಲಿ ತಂದ ಪುಸ್ತಕಕ್ಕೆ ಇವರ ಪಾಠಗಳು ದೊಡ್ಡ ಆಧಾರ. ಹಳೆಯ ಒಪೆರಾಗಳನ್ನು ಹಳೆಯ ರೀತಿಯಲ್ಲೇ ಆಡಬೇಕೆನ್ನುವ ಗಾಯಕರು ಈಗಲೂ ಆ ಬೆರಳುಗಳನ್ನು ನೋಡಿ ಅಭ್ಯಾಸ ಮಾಡುತ್ತಾರೆ. ತೀರಿಕೊಂಡು, 1836ರಿಂದ ಲೆಕ್ಕ ಹಾಕಿದರೆ, ಎರಡು ಶತಮಾನ ಹತ್ತಿರ ಬಂದರೂ ಆ ಮನುಷ್ಯ ಪಾಠ ಮಾಡುತ್ತಲೇ ಇದ್ದಾರೆ.

ಇನ್ನು ನಾವು ಹಾಕಿದ ಚಿತ್ರ. ಅದು 1820ರದು. ಅಂಗಡಿ ಪೀಟರ್ ಮೈಯರ್ ವಾರ್ನಾರ್ಸ್ ಅವರದು. ಅಭಿನಯದ ಪಾಠಗಳನ್ನು ಮುಂದೆ ಪ್ರಕಟಿಸಿದವರೂ ಅವರೇ! ಚಿತ್ರವನ್ನು ಇನ್ನೊಮ್ಮೆ ತೆಗೆದು ನೋಡಿ. ಒಳಗೆ ಕಪಾಟು ತುಂಬ ಪುಸ್ತಕ, ಹೊರಗೆ ಬೀದಿಯ ಬೆಳಕು, ನಡುವೆ ನಿಂತ ಜನ. ಮುಂಭಾಗ, ಹಿಂಭಾಗ, ಬೆಳಕು ಬರುವ ದಿಕ್ಕು, ಎಲ್ಲದರಲ್ಲೂ ರಂಗದ ಮೇಲೆ ನಿಂತು ಅಭ್ಯಾಸವಾದವರ ಲೆಕ್ಕಾಚಾರವಿದೆ ಎಂದು ನನಗೆ ಅನಿಸುತ್ತದೆ.

ನಿಮ್ಮ ಮಗಳಿಗೂ ಒಂದು ಮಾತು. ಆ ಚಿತ್ರ ಆಮ್ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂನದು. ಅವರ ವೆಬ್‌ಸೈಟಿನಲ್ಲಿ ದೊಡ್ಡದಾಗಿ ನೋಡಬಹುದು, ಹಣ ಕೊಡಬೇಕಾಗಿಲ್ಲ. ಡಚ್ ಬಾರದಿದ್ದರೂ ಚಿಂತೆಯಿಲ್ಲ, ಪಾಠಗಳನ್ನು ಆಲ್ಫ್ರೆಡ್ ಗೋಲ್ಡಿಂಗ್ 1984ರಲ್ಲಿ ಇಂಗ್ಲಿಷಿಗೆ ತಂದಿದ್ದಾರೆ. ಕೈಗಳ ಚಿತ್ರವಿರುವ ಪುಟಗಳನ್ನು ನಿಮ್ಮ ಊರಿನ ಭಾಗವತರಿಗೋ ವೇಷಧಾರಿಗಳಿಗೋ ತೋರಿಸಿ. ಅವರು ಏನು ಹೇಳುತ್ತಾರೆ ಎಂದು ನಮಗೆ ಬರೆದು ತಿಳಿಸಿ. ಖಂಡಿತ ಪ್ರಕಟಿಸುತ್ತೇವೆ.